ಹಂಗೇರಿಯ ಇಲಿಗೆ ಅರ್ಧ ಕರಟ

ಬೆಂಗಳೂರು, ವಿಮಾನ ನಿಲ್ದಾಣ

ನಮ್ಮ ತಿಪಟೂರು ಸೀಮೆಯವರು ಬೀಗರ ಮನೆಗೆ ಹೋಗಲಿ, ಕೋರ್ಟಿಗೆ ಹೋಗಲಿ, ಕೈಯಲ್ಲಿ ಒಂದು ಚೀಲ ಕೊಬ್ಬರಿ ಇರಲೇಬೇಕು. ಹಂಗೇರಿಗೆ ಹೊರಟ ನಾನೂ ಹಾಗೇ ಹೊರಟೆ. ಅಟ್ಟದ ಮೇಲೆ ವರ್ಷಗಟ್ಟಲೆ ಕೂತು ಒಣಗಿದ ಗುಂಡನೆಯ ಕೊಬ್ಬರಿ ಗಿಟುಕುಗಳು. ನಮ್ಮತ್ತೆ ಒಂದೊಂದನ್ನೂ ಸೆರಗಿನಲ್ಲಿ ಒರೆಸಿ ಪೆಟ್ಟಿಗೆಯ ತಳಕ್ಕೆ ಜೋಡಿಸಿದ್ದರು. ಸೆಕ್ಯೂರಿಟಿ ಹುಡುಗಿ ಅವನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟು, "ಮೇಡಂ, ಕೊಬ್ಬರಿ ತಗೊಂಡೋಗೋ ಹಂಗಿಲ್ಲ. ಎಣ್ಣೆ ಜಾಸ್ತಿ, ಬೆಂಕಿ ಹತ್ತೋ ವಸ್ತು," ಅಂದಳು.

"ದೇವರ ಮುಂದೆ ಇಡೋ ಪದಾರ್ಥ ಕಣಮ್ಮ ಇದು. ಬಾಂಬು ಅನ್ನೋ ಹಂಗೆ ಹೇಳ್ತೀಯಲ್ಲ. ಯಾವೂರು ನಿಂದು?"

"ತುರುವೇಕೆರೆ ಮೇಡಂ."

"ತುರುವೇಕೆರೆಯವಳಾಗಿ ಕೊಬ್ಬರಿಗೆ ಹಿಂಗಂತೀಯಾ?"

"ತುರುವೇಕೆರೆಯವಳು ಅನ್ನೋದ್ಕೇ ಗೊತ್ತಿರೋದು. ನಮ್ಮಜ್ಜಿ ಮಳೆಗಾಲದಾಗೆ ಒಲೆ ಹತ್ತದಿದ್ರೆ ಕೆಟ್ಟ ಕೊಬ್ರಿ ಚೂರೇ ಹಾಕೋಳು. ಭಗ್ ಅನ್ನೋದು," ಎಂದು ನಕ್ಕಳು. ಕೊಬ್ಬರಿಯನ್ನು ಅಲ್ಲೇ ಬಿಟ್ಟು, ಹೊಟ್ಟೆ ಉರಿಸಿಕೊಂಡು ಒಳಗೆ ಹೋದೆ.

ಹೊಟ್ಟೆ ಉರಿಗೆ ಇನ್ನೊಂದು ಕಾರಣವೂ ಇತ್ತು. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಅಲ್ಲಿನ ಪುಟ್ಟ ಪ್ರಾಣಿಮನೆಯಲ್ಲಿ ಬಿಳಿ ಚಿಟ್ಟಿಲಿಗಳನ್ನು ಸಾಕಿಕೊಂಡು ಕೆಲವು ವರ್ಷ ಒಂದು ಪ್ರಯೋಗ ಮಾಡಿದ್ದೆ. ಮೆದುಳು ತನಗೆ ಬೇಕಾದ ಅಫೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ. ಎಂಡಾರ್ಫಿನ್, ಡೈನಾರ್ಫಿನ್ ಮುಂತಾದ ಪೆಪ್ಟೈಡುಗಳು ಇವು. ಪ್ರಾಣಿ ಹೆದರಿದಾಗ ಇವು ಮೆದುಳಿನೊಳಗೆ ಸುರಿಯುತ್ತವೆ, ನೋವು ಭಯಗಳನ್ನು ತಗ್ಗಿಸುತ್ತವೆ. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತವೆ: ಅಂಡಾಶಯಕ್ಕೆ ಮೊಟ್ಟೆ ಬಿಡಲು ಆಜ್ಞೆ ಒಯ್ಯುವ ಎಲ್‌ಎಚ್ ಎಂಬ ಹಾರ್ಮೋನು ಹೊರಡದಂತೆ ತಡೆಯುತ್ತವೆ. ನೀರು ಸಾಲದ ತೆಂಗು ಎಳೆಗಾಯಿ ಹರಳು ಉದುರಿಸಿ ತನ್ನ ಜೀವ ಉಳಿಸಿಕೊಳ್ಳುವುದಿಲ್ಲವೆ, ಹಾಗೆ.

ನನ್ನ ಪ್ರಯೋಗ ಸರಳವಾದದ್ದು. ಇಲಿಯನ್ನು ಸ್ವಲ್ಪ ಹೊತ್ತು ಕಿರಿದಾದ ಕೊಳವೆಯಲ್ಲಿ ಕೂಡಿಹಾಕಿದರೆ ಎಲ್‌ಎಚ್ ಬೀಳುತ್ತದೆ. ಮೊದಲೇ ಅಫೀಮಿನ ಕೆಲಸ ನಿಲ್ಲಿಸುವ ತಡೆಮದ್ದು ಚುಚ್ಚಿ ಕೂಡಿಹಾಕಿದರೆ ಬೀಳುವುದಿಲ್ಲ. ಅಂದರೆ ಆ ಬೀಳುವಿಕೆಗೆ ಕಾರಣ ಭಯದ ಅಫೀಮು. ಇದನ್ನು ಬರೆದೆ, ಒಂದು ಪತ್ರಿಕೆಯಲ್ಲಿ ಅಚ್ಚಾಯಿತು, ಕಾಲೇಜಿನಲ್ಲಿ ಶಾಲು ಹೊದಿಸಿದರು. ಆಮೇಲೆ ಹಂಗೇರಿಯ ಒಂದು ಪ್ರಯೋಗಾಲಯದವರು ಅದನ್ನೇ ಮಾಡಿ ನೋಡಿ, "ನಮಗೆ ನಿಮ್ಮ ಫಲಿತಾಂಶ ಬರುತ್ತಿಲ್ಲ," ಎಂದು ತಿಳಿಸಿದರು. ಮರ್ಯಾದಸ್ಥರು, ಪತ್ರಿಕೆಗೆ ದೂರು ಕೊಡುವ ಮುಂಚೆ ನನ್ನನ್ನೇ ಕರೆದರು. ಬನ್ನಿ, ಒಟ್ಟಿಗೆ ಮಾಡೋಣ, ಆಗಲೂ ಬಾರದಿದ್ದರೆ ನಿಮ್ಮ ಲೇಖನ ಹಿಂದಕ್ಕೆ ತೆಗೆದುಕೊಳ್ಳಿ. ಲೇಖನ ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ನಮ್ಮ ಕಸುಬಿನಲ್ಲಿ ಮೂಗು ಕೊಯ್ಸಿಕೊಂಡ ಹಾಗೆ. ಸುಳ್ಳು ಬರೆದಳು ಅಂತಲೇ ಲೋಕ ಆಡಿಕೊಳ್ಳುತ್ತದೆ.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದಾಗ ಅವರು, "ಇಲಿಗೆ ಸೂಜಿ ಚುಚ್ಚಕ್ಕೆ ಇಮಾನ ಹತ್ತಬೇಕಾ? ನಮ್ಮ ಅಟ್ಟದಾಗೆ ಬೇಕಾದಂಗೆ ಅವೆ, ಒಂದು ಚೀಲ ಹಿಡ್ಕೊಡ್ತೀನಿ ಬುಡು," ಅಂದಿದ್ದರು.

ತಿಸಾ ನದಿಯ ದಂಡೆ

ಊರು ಹಂಗೇರಿಯ ದಕ್ಷಿಣದಲ್ಲಿ, ತಿಸಾ ನದಿಯ ಪಕ್ಕ. ಪ್ರಯೋಗಾಲಯದವರಿಗೆ ಮುಜುಗರವಾಗಬಾರದು, ಊರಿನ ಹೆಸರು ಬೇಡ. ಕರೆದುಕೊಂಡು ಹೋಗಲು ಬಂದವಳು ಜೋಫಿ, ಆ ಪ್ರಯೋಗವನ್ನು ಮಾಡಿ ಸೋತ ಸಂಶೋಧನಾ ವಿದ್ಯಾರ್ಥಿನಿ. ಉದ್ದ ಜಡೆ, ಕೆಂಪು ಮೂಗು, ಬಾಯಲ್ಲಿ ಮಾತು ಕಡಿಮೆ. ನನ್ನನ್ನು ಕಂಡರೆ ಅವಳಿಗೆ ಹೆದರಿಕೆ, ಅವಳನ್ನು ಕಂಡರೆ ನನಗೆ ಸಿಟ್ಟು. ನಮ್ಮಿಬ್ಬರ ಇಂಗ್ಲಿಷೂ ಒಂದೇ ತೂಕದ್ದಾದ್ದರಿಂದ ಮಾತು ಮಾತ್ರ ಸಲೀಸಾಯಿತು.

ಆ ಜನಕ್ಕೆ ಒಂದು ಪದ್ಧತಿ ಇದೆ. ಲಿಫ್ಟಿಗೆ ಹತ್ತಿದರೆ ಒಳಗಿರುವ ಗುರುತಿಲ್ಲದವರಿಗೂ ನಮಸ್ಕಾರ ಹೇಳಬೇಕು, ಇಳಿಯುವಾಗ ಹೋಗಿಬರ್ತೀನಿ ಅನ್ನಬೇಕು. ನಾನು ಮೊದಲ ದಿನ ಬಾಯಿ ಬಿಗಿದುಕೊಂಡು ನಿಂತಿದ್ದಕ್ಕೆ ಒಬ್ಬ ಮುದುಕ ನನಗೆ ಹಲ್ಲುನೋವೇ ಎಂದು ಕೇಳಿದ. ಅದಕ್ಕಿಂತ ತಮಾಷೆ ಎಂದರೆ, ಹೊರಡುವಾಗ ಇವರು "ಹಲೋ" ಅನ್ನುತ್ತಾರೆ. ಜೋಫಿ ನನ್ನನ್ನು ಕೋಣೆಗೆ ಬಿಟ್ಟು ಬಾಗಿಲಲ್ಲಿ "ಹಲೋ" ಅಂದಳು. ನಾನು ಏನು ಎಂದು ಕೇಳಿದೆ. ಮತ್ತೆ "ಹಲೋ" ಅಂದಳು. ಒಳಗೆ ಬಾ ಎಂದೆ. ಬಂದು ನಿಂತಳು ಪಾಪ, ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲ. ಆಮೇಲೆ ಅವಳೇ ವಿವರಿಸಿದಳು. ನಾವೂ ಹೊರಡುವಾಗ "ಬತ್ತೀನಿ" ಅನ್ನುತ್ತೇವೆ, ಹೋಗೋದನ್ನ ಬರೋದು ಅನ್ನುತ್ತೇವೆ ಎಂದು ನಾನು ಹೇಳಿದ ಮೇಲೆ ಅವಳು ಮೊದಲ ಸಲ ನಕ್ಕಳು.

ಪ್ರಾಣಿಮನೆ

ಪ್ರಯೋಗಾಲಯದ ಮುಖ್ಯಸ್ಥರು ಇಷ್ಟ್ವಾನ್. ಎತ್ತರದ ಆಳು, ಬಿಳಿ ಮೀಸೆ, ಮಾತಿನಲ್ಲಿ ಸಕ್ಕರೆಯೂ ಇಲ್ಲ, ವಿಷವೂ ಇಲ್ಲ. ಮೊದಲ ದಿನವೇ ಒಂದು ಸುದ್ದಿ ಕೊಟ್ಟರು. ಆ ದೇಶದಲ್ಲಿ ಪರವಾನಗಿ ಇಲ್ಲದವರು ಇಲಿಗೆ ಸೂಜಿ ಚುಚ್ಚುವ ಹಾಗಿಲ್ಲ, ರಕ್ತ ತೆಗೆಯುವ ಹಾಗಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡಬಹುದು, ಹೇಳಬಹುದು, ಅಷ್ಟೆ. ನನ್ನ ಕೈಯಿಂದ ಮಾಡಿ ತೋರಿಸುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಅಷ್ಟು ದೂರ ಹೋದರೆ, ಕೈ ಕಟ್ಟಿ ಕೂರಿಸಿದ್ದರು.

ಪ್ರಾಣಿಮನೆ ಅಂದರೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಕೋಣೆಗಿಂತ ಚೊಕ್ಕಟ. ಒಳಗೆ ಹೋಗಬೇಕಾದರೆ ಟೋಪಿ, ಮುಸುಕು, ಕಾಲಿಗೆ ಚೀಲ. ಪ್ರತಿ ಗೂಡಿನಲ್ಲೂ ಇಲಿಗೆ ಅಡಗಿಕೊಳ್ಳಲು ಕೆಂಪು ಪ್ಲಾಸ್ಟಿಕ್ ಗುಡಿಸಲು, ಹಾಸಿಗೆಗೆ ಹತ್ತಿಯಂಥ ಕಾಗದ. ಹೊಗೆ ಇಲ್ಲ, ದೂಳಿಲ್ಲ, ಕರೆಂಟು ಹೋಗುವುದಿಲ್ಲ. ಇಂಥ ಕಡೆ ಬಾರದ ಫಲಿತಾಂಶ ನಮ್ಮ ತಗಡಿನ ಸೂರಿನ ಕೆಳಗೆ ಬಂತು ಎಂದರೆ ಯಾರು ನಂಬಬೇಕು? ನನಗೇ ನನ್ನ ಮೇಲೆ ಅನುಮಾನ ಬಂತು ಅಂದರೆ ಸುಳ್ಳಲ್ಲ.

ಜೋಫಿ ನನ್ನ ಮುಂದೆಯೇ ಒಂದು ಸಲ ಪೂರ್ತಿ ಮಾಡಿದಳು. ನನ್ನ ಲೇಖನವನ್ನು ಗೋಡೆಗೆ ಅಂಟಿಸಿಕೊಂಡಿದ್ದಳು, ಒಂದಕ್ಷರ ತಪ್ಪದೆ ಹಾಗೇ ಮಾಡಿದಳು. ಹುಡುಗಿಯ ಕೈ ನನ್ನ ಕೈಗಿಂತ ಚುರುಕು, ಸೋಜಿಗವಾಯಿತು. ಬಾಲದ ತುದಿಯಿಂದ ಒಂದೊಂದೇ ಹನಿ ರಕ್ತ ತೆಗೆದಳು, ಯಂತ್ರ ಲೆಕ್ಕ ಹಾಕಿತು, ಫಲಿತಾಂಶ ಮೊದಲಿನದ್ದೇ. ಕೊಳವೆಯಲ್ಲಿ ಕೂಡಿಹಾಕಿದ ಇಲಿಯಲ್ಲೂ ಎಲ್‌ಎಚ್ ತಳದಲ್ಲಿ, ಸುಮ್ಮನೆ ಬಿಟ್ಟ ಇಲಿಯಲ್ಲೂ ತಳದಲ್ಲಿ. ತಡೆಮದ್ದು ಕೊಟ್ಟರೆ ಎರಡರಲ್ಲೂ ಮೇಲೆ.

"ನೋಡಿ," ಅಂದರು ಇಷ್ಟ್ವಾನ್, "ಕೂಡಿಹಾಕಿದರೂ ಒಂದೇ, ಬಿಟ್ಟರೂ ಒಂದೇ. ಮದ್ದು ಎಲ್‌ಎಚ್ ಏರಿಸುತ್ತದೆ, ಅದು ಎಲ್ಲರಿಗೂ ಗೊತ್ತು. ನೀವು ಹೇಳುವ ಭಯಕ್ಕೆ ಇಲ್ಲಿ ಜಾಗವೇ ಇಲ್ಲ. ಸೋಮವಾರದ ಹೊತ್ತಿಗೆ ಪತ್ರಿಕೆಗೆ ಏನು ಬರೆಯಬೇಕು ಅಂತ ಯೋಚಿಸಿ."

ಅವತ್ತು ನಾನು ಊಟ ಮಾಡಲಿಲ್ಲ. ಕೋಣೆಯಲ್ಲಿ ಕೂತು ಆ ಫಲಿತಾಂಶದ ನಕ್ಷೆಯ ಗೆರೆಗಳನ್ನೇ ನೋಡಿದೆ. ನಿಮ್ಮ ಇಲಿ ಸರಿಯಿಲ್ಲ ಅನ್ನೋಣವೆಂದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಆದರೂ ಒಂದು ವಿಷಯ ಕೊರೆಯುತ್ತಲೇ ಇತ್ತು. ಸುಮ್ಮನೆ ಬಿಟ್ಟ ಇಲಿಗೆ ತಡೆಮದ್ದು ಕೊಟ್ಟಾಗ ನಮ್ಮಲ್ಲಿ ಎಲ್‌ಎಚ್ ಅಷ್ಟೇನೂ ಏರುತ್ತಿರಲಿಲ್ಲ, ಯಾಕೆಂದರೆ ಅದು ಆಗಲೇ ಮೇಲಿರುತ್ತಿತ್ತು. ಇವರಲ್ಲಿ ದಿಢೀರನೆ ಏರುತ್ತಿತ್ತು. ಏರಬೇಕಾದರೆ ಅಲ್ಲಿ ತಡೆ ಇದ್ದಿರಬೇಕು. ತಡೆ ಇರಬೇಕಾದರೆ ಅಫೀಮು ಸುರಿದಿರಬೇಕು. ಅಫೀಮು ಸುರಿಯಬೇಕಾದರೆ ಆ ಇಲಿ ಹೆದರಿರಬೇಕು. ಯಾರೂ ಕೂಡಿಹಾಕದ, ಬೆಚ್ಚಗೆ ಗೂಡಿನಲ್ಲಿದ್ದ ಇಲಿ ಯಾಕೆ ಹೆದರಿತು?

ಮಾರನೆಯ ಬೆಳಿಗ್ಗೆ ಜೋಫಿಯ ಹಿಂದೆಯೇ ಒಳಗೆ ಹೋಗಿ, "ಏನೂ ಪ್ರಯೋಗ ಮಾಡಬೇಡ, ಸುಮ್ಮನೆ ಒಂದು ಇಲಿಯನ್ನು ಗೂಡಿನಿಂದ ಈಚೆಗೆ ತೆಗಿ," ಅಂದೆ. ಅವಳು ಕೆಂಪು ಗುಡಿಸಲನ್ನು ಎತ್ತಿ ಪಕ್ಕಕ್ಕಿಟ್ಟಳು. ಒಳಗಿದ್ದ ಇಲಿ ಮೂಲೆಗೆ ಓಡಿತು. ಅವಳು ಮೆಲ್ಲಗೆ ಬಾಲದ ಬುಡ ಹಿಡಿದು ಎತ್ತಿ ಅಂಗೈ ಮೇಲೆ ಇಳಿಸಿಕೊಂಡಳು. ಎಲ್ಲ ಕಡೆ ಹಾಗೇ ಮಾಡುತ್ತಾರೆ, ಒರಟುತನ ಏನೂ ಇರಲಿಲ್ಲ.

"ನೀವು ಹೇಗೆ ತೆಗೆಯುತ್ತೀರಿ?" ಎಂದಳು.

"ಕರಟದಲ್ಲಿ," ಅಂದೆ.

ಅಂದವಳೇ ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲಿನ ಲೇಖನದಲ್ಲಿ ಇಲಿಯ ವಯಸ್ಸಿದೆ, ತೂಕ ಇದೆ, ಅದು ತಿಂದ ಕಾಳು, ಕುಡಿದ ನೀರು, ದೀಪ ಹಚ್ಚಿದ ಹೊತ್ತು ಎಲ್ಲ ಇದೆ. ಕರಟ ಇಲ್ಲ. ನಮ್ಮಲ್ಲಿ ಪ್ರತಿ ಗೂಡಿನಲ್ಲೂ ಬಟ್ಟಲಿನ ಹಾಗೆ ಒಂದು ಅರ್ಧ ಕರಟ, ಅದರೊಳಗೆ ಒಂದು ಹಿಡಿ ತೆಂಗಿನ ನಾರು. ಇಲಿ ಅದರಲ್ಲೇ ಮಲಗುತ್ತದೆ. ಇಲಿ ಬೇಕಾದರೆ ಕರಟ ಸಮೇತ ಎತ್ತುತ್ತೇವೆ, ಬಾಲ ಹೊರಗೆ ಇಳಿಬಿದ್ದಿರುತ್ತದೆ, ಇಲಿ ಕಣ್ಣು ಬಿಟ್ಟು ನೋಡುತ್ತಾ ಕೂತಿರುತ್ತದೆ. ಇದನ್ನು ಬರೆಯಬೇಕು ಅಂತ ನನಗೆ ತೋಚಲೇ ಇಲ್ಲ. ನಮ್ಮ ಕಡೆ ಕರಟದಲ್ಲೇ ಕೋಳಿಗೆ ನೀರಿಡುತ್ತೇವೆ, ಕರಟದಲ್ಲೇ ಬೂದಿ ತುಂಬಿ ಪಾತ್ರೆ ತಿಕ್ಕುತ್ತೇವೆ, ಕರಟ ಉರಿಸಿಯೇ ನೀರು ಕಾಯಿಸುತ್ತೇವೆ. ಗೂಡಿನೊಳಗೆ ಗಾಳಿ ಇತ್ತು ಎಂದು ಯಾರಾದರೂ ಬರೆಯುತ್ತಾರೆಯೇ?

ಇವರು ಮನೆ ಕಿತ್ತು ಇಲಿಯನ್ನು ಹಿಡಿಯುತ್ತಿದ್ದರು, ನಾವು ಮನೆ ಸಮೇತ ಕರೆದೊಯ್ಯುತ್ತಿದ್ದೆವು. ಇದನ್ನು ಹೇಳಿ, ಹೊಸ ಇಲಿಗಳನ್ನು ಕರಟಕ್ಕೆ ಒಗ್ಗಿಸಿ ಮತ್ತೊಮ್ಮೆ ಮಾಡೋಣ ಎಂದಾಗ ಇಷ್ಟ್ವಾನ್ ಮೀಸೆ ತಿರುವಿ, "ತೆಂಗಿನ ಚಿಪ್ಪಿಗಾಗಿ ನಾನು ಎರಡು ವಾರ ಕಾಯಬೇಕೆ?" ಎಂದರು.

"ಕಾಯಿರಿ," ಅಂದೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. "ಆದರೆ ಒಂದು ಷರತ್ತು. ಅರ್ಧ ಇಲಿಗಳನ್ನು ಕರಟದಲ್ಲಿ ಎತ್ತಿ, ಅರ್ಧವನ್ನು ನಿಮ್ಮ ಹಾಗೇ ಬಾಲ ಹಿಡಿದು ಎತ್ತಿ. ಯಾವ ರಕ್ತ ಯಾವ ಇಲಿಯದ್ದು ಅಂತ ನಿಮಗೊಬ್ಬರಿಗೇ ಗೊತ್ತಿರಲಿ. ಆಮೇಲೂ ಬರದಿದ್ದರೆ ಲೇಖನ ಹಿಂದಕ್ಕೆ ತಗೊಳ್ತೀನಿ, ಎರಡನೇ ಮಾತಾಡಲ್ಲ."

ಅವರು ಕೈ ಚಾಚಿದರು, ನಾನೂ ಕೈ ಕೊಟ್ಟೆ.

ಅಂಗಡಿ, ಮತ್ತು ಜೋಫಿಯ ಅಜ್ಜಿಯ ಅಂಗಳ

ತೆಂಗಿನ ತೋಟದ ನಡುವೆ ಹುಟ್ಟಿದವಳು ತೆಂಗಿನಕಾಯಿ ಹುಡುಕಿಕೊಂಡು ಪರದೇಶದ ಬೀದಿ ಅಲೆಯುವುದು ಅಂದರೆ ಏನು ಹೇಳಲಿ. ಒಂದು ದೊಡ್ಡ ಅಂಗಡಿಯಲ್ಲಿ ಅನಾನಸ್ ಪಕ್ಕ ಒಂದಿಷ್ಟು ಕಾಯಿ ಸಿಕ್ಕವು. ಜುಟ್ಟು ಬೋಳಿಸಿ, ಮೈಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು. ನಮ್ಮೂರಿನಲ್ಲಾದರೆ ಇವನ್ನು ದನಕ್ಕೂ ಹಾಕುತ್ತಿರಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ತಟ್ಟಿ ಆರಿಸುತ್ತಿದ್ದೆ. ಅಕ್ಕಪಕ್ಕದವರು ಗಾಡಿ ನಿಲ್ಲಿಸಿ ನೋಡತೊಡಗಿದರು. ಒಬ್ಬಾಕೆ ತಾನೂ ಒಂದು ಕಾಯಿ ತೆಗೆದು ಕಿವಿಗೆ ಹಿಡಿದು, ಏನು ಕೇಳಬೇಕು ಎಂದು ಜೋಫಿಯನ್ನು ಕೇಳಿದಳಂತೆ. ನೀರು ಕುಲುಕಬೇಕು ಅಂತ ಹೇಳಿಕೊಟ್ಟೆ. ಖುಷಿಯಾಗಿ ಬುಟ್ಟಿಗೆ ಹಾಕಿಕೊಂಡಳು.

ಒಡೆಯುವುದು ಇನ್ನೊಂದು ಪಾಡು. ನಾನಿದ್ದ ವಸತಿಗೃಹದಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ಜೋಫಿ ತನ್ನ ಅಜ್ಜಿಯ ಹಳ್ಳಿಗೆ ಕರೆದುಕೊಂಡು ಹೋದಳು. ಮನೆಯ ಮುಂದೆಲ್ಲ ಕೆಂಪು ಮೆಣಸಿನಕಾಯಿಯ ಸರಗಳು, ಸೂರಿನಿಂದ ನೆಲದವರೆಗೆ. ನನಗೆ ನಮ್ಮೂರು ನೆನಪಾಗಿ ಕಣ್ಣು ತುಂಬಿ ಬಂತು. ಅಜ್ಜಿ ದಪ್ಪ, ಗಟ್ಟಿಗಿತ್ತಿ, ತಲೆಗೆ ವಸ್ತ್ರ. ಬಾಗಿಲಲ್ಲೇ ನನ್ನ ಚಪ್ಪಲಿ ಬಿಡಿಸಿ ಉಣ್ಣೆಯ ಮೆಟ್ಟು ಕೊಟ್ಟಳು. ತೆಂಗಿನಕಾಯಿ ನೋಡಿ ಒಳಗಿನಿಂದ ಸುತ್ತಿಗೆ ತಂದಳು.

"ಸುತ್ತಿಗೆ ಬ್ಯಾಡ ಕಣವ್ವ, ಚೂರುಚೂರಾಗುತ್ತೆ," ಅಂದೆ ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು, ಒಂದು ದಪ್ಪ ಕತ್ತಿ ತಂದುಕೊಟ್ಟಳು. ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಕತ್ತಿಯ ಹಿಂಬದಿಯಿಂದ ನಡುವಿಗೆ ಒಂದೊಂದೇ ಏಟು ಹಾಕುತ್ತಾ ತಿರುಗಿಸಿದೆ. ಟಕ್ ಎಂದು ಎರಡು ಹೋಳು. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ತಾನೇ ಒಂದು ಒಡೆಯುತ್ತೇನೆ ಎಂದು ಹಟ ಮಾಡಿ ಒಡೆದಳು, ಚೆನ್ನಾಗಿಯೇ ಒಡೆದಳು. ಬಿಡಿಸಿದ ಕಾಯಿಗೆ ಅವಳ ಮೆಣಸಿನಕಾಯಿ ಸೇರಿಸಿ ಚಟ್ನಿ ಅರೆದೆ. ಬ್ರೆಡ್ಡಿಗೆ ಬಳಿದುಕೊಂಡು ಮೂವರೂ ಮೂಗೊರೆಸಿಕೊಳ್ಳುತ್ತಾ ತಿಂದೆವು. ಜೋಫಿ ಕರಟಗಳನ್ನು ಮರಳು ಕಾಗದದಿಂದ ಉಜ್ಜುತ್ತಾ, "ಈ ಫಲಿತಾಂಶ ಬರದಿದ್ದರೆ ನನ್ನ ಸಂಶೋಧನೆಯ ಎರಡು ವರ್ಷವೂ ಹೋಯಿತು," ಅಂದಳು. ಅಲ್ಲಿಯವರೆಗೂ ಅವಳನ್ನು ನಾನು ಎದುರಾಳಿ ಅಂದುಕೊಂಡಿದ್ದೆ. ಅವತ್ತಿನಿಂದ ಆ ಸಿಟ್ಟು ಹೋಯ್ತು.

ಮತ್ತೆ ಪ್ರಾಣಿಮನೆ

ಹೊರಗಿನ ಯಾವ ವಸ್ತುವೂ ಹಬೆಯಲ್ಲಿ ಬೇಯದೆ ಒಳಗೆ ಹೋಗುವಂತಿಲ್ಲ. ಕರಟಗಳನ್ನು ಬೇಯಿಸಿದ ದಿನ ಕಟ್ಟಡದ ತುಂಬ ಕಾಯಿಹಾಲಿನ ವಾಸನೆ. ಮೇಲಿನ ಮಹಡಿಯವರು ಯಾರೋ ಕೇಕು ಮಾಡುತ್ತಿದ್ದಾರೆಂದು ಹುಡುಕಿಕೊಂಡು ಇಳಿದು ಬಂದರು. ಪ್ರಾಣಿಮನೆಯ ಮೇಲ್ವಿಚಾರಕಿ ಮುಖ ಸಿಂಡರಿಸಿ ಒಂದು ಕರಟ ಎತ್ತಿ ಮೂಸಿ, ಇನ್ನೊಂದು ಸಲ ಮೂಸಿ, ಒಳಗೆ ಬಿಟ್ಟರು.

ಹೊಸ ಇಲಿಗಳು ಬಂದವು. ಅರ್ಧದಷ್ಟು ಗೂಡುಗಳಿಗೆ ಕರಟ. ಮೊದಲ ಎರಡು ದಿನ ಇಲಿಗಳು ಅದರ ಸುತ್ತ ತಿರುಗಿ ಮೂತಿ ತಿರುವಿ ಹೋಗುತ್ತಿದ್ದವು. ನನಗೆ ನಿದ್ದೆ ಇಲ್ಲ. ಮೂರನೆಯ ದಿನ ನೋಡಿದರೆ ಎಲ್ಲವೂ ಕಾಗದ ಹೊತ್ತು ತಂದು ಒಳಗೆ ಹಾಸಿಕೊಂಡು ಮಲಗಿದ್ದವು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಜೋಫಿ ದಿನಾ ಒಂದೊಂದು ಕರಟವನ್ನು ಅಂಗೈ ಮೇಲೆ ಎತ್ತಿ, ಸ್ವಲ್ಪ ಹೊತ್ತು ಹಿಡಿದು, ಬಾಲ ಮುಟ್ಟಿ, ವಾಪಸ್ ಇಡುತ್ತಿದ್ದಳು. ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತು, "ಮೆಲ್ಲಗೆ ಕಣೇ, ಮದುವಣಗಿತ್ತಿ ಪಲ್ಲಕ್ಕಿ ಅದು," ಅನ್ನುತ್ತಿದ್ದೆ. ಹಂಗೇರಿಯ ಹುಡುಗಿಗೆ "ಮೆಲ್ಲಗೆ ಕಣೇ" ಬಾಯಿಪಾಠವಾಯಿತು. ಕೆಲಸ ಮುಗಿಯುವ ಹೊತ್ತಿಗೆ ಅವಳೇ ಇಲಿಗಳಿಗೆ ಹಾಗನ್ನುತ್ತಿದ್ದಳು.

ಪ್ರಯೋಗದ ದಿನ ಕರಟದ ಇಲಿಗಳು ಕೂತಲ್ಲೇ ರಕ್ತದ ಹನಿ ಕೊಟ್ಟವು. ಒಂದಂತೂ ಮೀಸೆ ತೊಳೆದುಕೊಳ್ಳುತ್ತಾ ಕೂತಿತ್ತು. ಜೋಫಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಇಷ್ಟ್ವಾನರ ಕೋಣೆ

ಯಾವ ರಕ್ತ ಯಾವ ಇಲಿಯದ್ದು ಎಂಬ ಪಟ್ಟಿ ಇಷ್ಟ್ವಾನ್ ಒಬ್ಬರ ಬಳಿಯೇ ಇತ್ತು. ಅವರು ಕಂಪ್ಯೂಟರಿನ ಮುಂದೆ ಕೂತು ನಕ್ಷೆಯ ಚುಕ್ಕಿಗಳಿಗೆ ಒಂದೊಂದಾಗಿ ಬಣ್ಣ ತುಂಬಿದರು. ನಾನು ಕಿಟಕಿಯ ಹೊರಗಿನ ನದಿ ನೋಡುತ್ತಾ ನಮ್ಮೂರ ದೇವರು ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತೆ, ವಿಜ್ಞಾನಿಯಾದರೇನಂತೆ.

ಬಾಲ ಹಿಡಿದು ಎತ್ತಿದ ಇಲಿಗಳು ಮೊದಲಿನ ಹಾಗೇ: ಕೂಡಿಹಾಕಿದರೂ, ಬಿಟ್ಟರೂ ಎಲ್‌ಎಚ್ ತಳದಲ್ಲಿ. ಕರಟದ ಇಲಿಗಳಲ್ಲಿ ಸುಮ್ಮನೆ ಬಿಟ್ಟವುಗಳ ಎಲ್‌ಎಚ್ ಮೇಲೆ. ಕೊಳವೆಯಲ್ಲಿ ಕೂಡಿಹಾಕಿದವುಗಳಲ್ಲಿ ಧೊಪ್ಪನೆ ಕೆಳಗೆ. ತಡೆಮದ್ದು ಕೊಟ್ಟು ಕೂಡಿಹಾಕಿದವುಗಳಲ್ಲಿ ಮತ್ತೆ ಮೇಲೆ. ನನ್ನ ಲೇಖನದ ಚಿತ್ರವನ್ನು ತಂದು ಪಕ್ಕಕ್ಕಿಟ್ಟರೆ ಅಕ್ಕತಂಗಿಯರ ಹಾಗಿತ್ತು.

ಜೋಫಿ ಬಾಯಿಗೆ ಕೈ ಇಟ್ಟುಕೊಂಡು ಅತ್ತಳು. ನಾನೂ ಅತ್ತೆ, ಅದರಲ್ಲೇನು ನಾಚಿಕೆ. ನನ್ನ ಕೈಯಲ್ಲಿ ಬಂದಿದ್ದರೆ ಕೈಗುಣ ಅಂತ ತಳ್ಳಿಹಾಕುತ್ತಿದ್ದರೋ ಏನೋ. ಅವಳ ಕೈಯಲ್ಲೇ, ಅವರ ಇಲಿಯಲ್ಲೇ, ಅವರ ಯಂತ್ರದಲ್ಲೇ ಬಂದಿತ್ತು. ಇಲಿ ಮುಟ್ಟಬೇಡ ಎಂದ ಆ ದೇಶದ ಕಾನೂನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಇಷ್ಟ್ವಾನ್ ಎದ್ದು ನಿಂತು, "ನನ್ನ ಇಲಿಗಳು ಇಷ್ಟು ವರ್ಷವೂ ಹೆದರಿಕೊಂಡೇ ಇದ್ದವು," ಎಂದರು. "ನಾನು ಅದನ್ನೇ ಶಾಂತಿ ಅಂತ ಅಳೆಯುತ್ತಿದ್ದೆ." ಅಷ್ಟು ದೊಡ್ಡ ಮನುಷ್ಯ ಹಾಗೆ ಹೇಳಬೇಕಾದರೆ ದೊಡ್ಡ ಮನಸ್ಸೇ ಬೇಕು. ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಪತ್ರಿಕೆಗೆ ದೂರಿನ ಬದಲು ನಾವು ಮೂವರೂ ಸೇರಿ ಹೊಸ ಲೇಖನ ಬರೆದೆವು. ವಿಧಾನ ಎಂಬ ಭಾಗದಲ್ಲಿ ಮೊದಲ ಸಾಲೇ ಕರಟದ್ದು. ಇಂಗ್ಲಿಷಿನಲ್ಲಿ ತೆಂಗಿನ ಚಿಪ್ಪು ಅಂತ ಬರೆದರೆ ಸಾಕಲ್ಲ ಅಂದೆ. ಇಷ್ಟ್ವಾನ್ ಒಪ್ಪಲಿಲ್ಲ, ನೀವು ಅದನ್ನು ಏನಂತ ಕರೆಯುತ್ತೀರೋ ಅದೂ ಇರಲಿ ಎಂದರು. ಹಾಗಾಗಿ "ಕರಟ" ಎಂಬ ನಮ್ಮ ಮಾತು ಅಲ್ಲಿ ಓರೆ ಅಕ್ಷರದಲ್ಲಿ ಅಚ್ಚಾಗಿದೆ.

ರೈಲು ನಿಲ್ದಾಣದಲ್ಲಿ ಜೋಫಿ ಅಜ್ಜಿ ಕಳಿಸಿದ ಮೆಣಸಿನಕಾಯಿ ಸರವನ್ನು ನನ್ನ ಕೊರಳಿಗೆ ಹಾಕಿ "ಬತ್ತೀನಿ" ಅಂದಳು. ನಾನು "ಹಲೋ" ಅಂದೆ.

ಹಾಲ್ಕುರಿಕೆ

ತಿಪಟೂರಿನ ಹತ್ತಿರದ ನಮ್ಮೂರಿನ ಮನೆಗೆ ಬಂದಾಗ ಅತ್ತೆ ಬಚ್ಚಲೊಲೆಯ ಮುಂದೆ ಕೂತು ಉರಿ ಹಾಕುತ್ತಿದ್ದರು. "ಗೆದ್ಯಾ?" ಅಂದರು.

"ಗೆದ್ದೆ ಅತ್ತೆ."

"ಕೊಬ್ರಿ ಕೊಟ್ಯಾ ಅವ್ರಿಗೆ?"

"ಏರ್‌ಪೋರ್ಟಲ್ಲೇ ಕಿತ್ಕೊಂಡ್ರು. ಈಗ ಅವ್ರು ಕರಟ ಕೇಳ್ತಾವ್ರೆ. ಅಲ್ಲಿ ಸಿಗೋವು ಚಿಕ್ಕವು, ಬಿರುಕು ಬಿಡ್ತವೆ. ನಮ್ಮ ಕಡೇವೇ ಬೇಕಂತೆ."

ಕೈಯಲ್ಲಿದ್ದ ಕರಟ ಒಲೆಯ ಬಾಯಿಗೆ ಹೋಗುವುದು ಅರ್ಧಕ್ಕೇ ನಿಂತಿತು. ಅತ್ತೆ ಅದನ್ನು ತಿರುಗಿಸಿ ನೋಡಿದರು, ಅಂಚು ಸವರಿದರು, ಒಳಗೆ ಊದಿದರು. "ಕೊಬ್ರಿ ಬ್ಯಾಡ, ಕರಟ ಬೇಕಂತೆ. ಎಂಥಾ ಜನಾನೋ," ಎಂದು ಗೊಣಗುತ್ತಾ ಅದನ್ನು ಪಕ್ಕಕ್ಕಿಟ್ಟರು. ಆಮೇಲೆ ಸೌದೆಯ ಪಕ್ಕದ ಗುಡ್ಡೆಗೆ ಕೈ ಹಾಕಿ ಒಂದೊಂದೇ ಆರಿಸತೊಡಗಿದರು. ಒಡಕಿಲ್ಲದವು ಒಂದು ಕಡೆ, ಒಡೆದವು ಒಲೆಗೆ.

ಬೇಲಿಯಾಚೆಯಿಂದ ಪಕ್ಕದ ಮನೆಯ ಗೌರಮ್ಮ, "ಏನಕ್ಕಾ, ಕರಟ ಆರಿಸ್ತಾ ಕುಂತಿದ್ದೀಯಾ?" ಎಂದು ಕೂಗಿದರು.

"ಹೂಂ ಕಣೇ," ಅಂದರು ಅತ್ತೆ, ತಲೆ ಎತ್ತದೆ. "ಫಾರಿನ್ ಇಲಿಗೆ ಬೇಕಂತೆ. ನಮ್ಮ ಸೊಸೆ ಹೇಳವ್ಳೆ. ಅವಳು ಸುಳ್ಳು ಹೇಳೋಳಲ್ಲ."